ಮೂರನೇ ರೈಲು ಓಡದ ದಿನ

"ನಿಲ್ಸ್ರೀ! ನೀಲಿ ರೈಲು ನಿಲ್ಸಿ!"

ಬೇಲಿ ಹಾರಿ ಬಂದ ಆ ಅಪರಿಚಿತ ಕಂಟ್ರೋಲ್ ರೂಮಿನ ಬಾಗಿಲನ್ನು ಭುಜದಿಂದಲೇ ಗುದ್ದಿ ಒಳನುಗ್ಗಿದ. ರೈಲು ಓಡಿಸುವ ಆಪರೇಟರ್ ಹುಡುಗಿ ಕುರ್ಚಿಯಿಂದ ಏಳುವಷ್ಟರಲ್ಲಿ ಅವಳ ಕೈಯನ್ನು ಪಕ್ಕಕ್ಕೆ ತಳ್ಳಿ, ಮೇಜಿನ ನಡುವಿದ್ದ ಕೆಂಪು ಗುಂಡಿಯನ್ನು ಅಂಗೈಯಿಂದ ಬಡಿದ.

ಸೈರನ್ ಕಿರುಚಿತು. ಇಪ್ಪತ್ತನಾಲ್ಕು ಜನರನ್ನು ಹೊತ್ತು ಏರು ಹಳಿ ಹತ್ತುತ್ತಿದ್ದ ರೋಲರ್ ಕೋಸ್ಟರಿನ ನೀಲಿ ರೈಲು, ತುದಿಗೆ ಇನ್ನು ಹತ್ತು ಮಾರು ಇದೆ ಎನ್ನುವಾಗ ಜಗ್ಗಿ ನಿಂತಿತು. ಮೇಲಿಂದ ಚೀರಾಟ!

ಚಟಾರ್!

ಅವಳ ಕೈ ಅವನ ಕೆನ್ನೆಗೆ ಬಿದ್ದಿತ್ತು.

"ಯಾರ್ರೀ ನೀವು? ಹುಚ್ಚಾ ನಿಮಗೆ? ಮೇಲೆ ಜನ ಇದ್ದಾರೆ!"

ಅವನ ತುಟಿ ಒಡೆದು ರಕ್ತ ಬರುತ್ತಿತ್ತು. ಒರೆಸಿಕೊಳ್ಳಲೂ ಇಲ್ಲ.

"ಅದಕ್ಕೇ ನಿಲ್ಸಿದ್ದು. ನಾನು ಹೊಸ ಫಿಟ್ಟರ್, ಇವತ್ತೇ ಸೇರಿದ್ದೀನಿ. ಕೆಳಗೆ ನಿಂತಿದ್ದೆ, ಶಬ್ದ ಕೇಳಿಸ್ತು. ನಾಲ್ಕನೇ ಡಬ್ಬಿ, ಎಡಗಡೆ ಗಾಲಿ. ಅದನ್ನ ಹಿಡಿದಿರೋ ಕಬ್ಬಿಣ ಬಿರುಕು ಬಿಟ್ಟಿದೆ."

"ಬರೀ ಶಬ್ದ ಕೇಳಿ ಹೇಳ್ತೀರಾ? ನೀವೇನು ಡಾಕ್ಟ್ರಾ?"

"ಜನರನ್ನ ಇಳಿಸಿ ನೋಡೋಣ. ಸುಳ್ಳಾದ್ರೆ ಇನ್ನೊಂದು ಕೆನ್ನೆನೂ ಕೊಡ್ತೀನಿ."

ಜನರನ್ನು ಒಬ್ಬೊಬ್ಬರಾಗಿ ಏರು ಹಳಿಯ ಪಕ್ಕದ ಮೆಟ್ಟಿಲುಗಳಿಂದ ಇಳಿಸಿದರು. ಮಧ್ಯಾಹ್ನದ ಹೊತ್ತಿಗೆ ಅವನು ಬಿಚ್ಚಿ ತಂದ ಕಬ್ಬಿಣದ ತುಂಡು ಅವಳ ಮೇಜಿನ ಮೇಲಿತ್ತು. ಅವಳು ಉಗುರಿನಿಂದ ಗೀಚಿ ನೋಡಿದಳು. ಕಿರುಬೆರಳುದ್ದದ ಬಿರುಕು...

ಇದು ಆ ಇಳಿಜಾರಿನಲ್ಲಿ ಮುರಿದಿದ್ದರೆ?

"ತುಂಬಾ ನೋವಾಯ್ತಾ?" ತಲೆ ತಗ್ಗಿಸಿಯೇ ಕೇಳಿದಳು.

"ನಂಗೇನೂ ಆಗಿಲ್ಲ. ಕೈ ನಿಮ್ದು ಊದಿದೆ, ನೋಡ್ಕೊಳ್ಳಿ."

ಪ್ರಯಾಣಿಕರ ಬೆಲ್ಟು ಪರೀಕ್ಷಿಸುತ್ತಿದ್ದ ಹಿರಿಯ ಹೆಂಗಸು, ಎಲ್ಲರ ಬಾಯಲ್ಲೂ ಬೆಲ್ಟಕ್ಕ, ಬಾಗಿಲಲ್ಲಿ ನಿಂತು ಕಿಸಕ್ಕನೆ ನಕ್ಕಳು. "ಮೊದಲ ದಿನವೇ ಇಷ್ಟು ಜೋರಾ? ದೇವರೇ ಕಾಪಾಡಬೇಕು!"

ಅಂದಿನಿಂದ ನೀಲಿ ರೈಲು ಓಡಲಿಲ್ಲ. ಅದರ ಬೇರೆ ಡಬ್ಬಿಗಳಲ್ಲೂ ಅಂಥದೇ ಕೂದಲೆಳೆಯ ಗೆರೆಗಳು ಸಿಕ್ಕಿದವು. ಹೊಸ ಭಾಗಗಳು ಬರುವವರೆಗೆ ಅದನ್ನು ಪಕ್ಕದ ಶೆಡ್ಡಿನ ಹಳಿಗೆ ಸರಿಸಿಟ್ಟರು.

ಪಾರ್ಕಿನ ಮ್ಯಾನೇಜರಿಗೆ ಇದು ನುಂಗಲಾರದ ತುತ್ತು. ಉದ್ದಕ್ಕೂ ಹಳಿಯನ್ನು ಭಾಗ ಮಾಡಿ ಬ್ರೇಕು ಇಟ್ಟಿದ್ದರು. ಒಂದು ಭಾಗದಲ್ಲಿ ಒಂದೇ ರೈಲು ಇರಬೇಕು. ಮುಂದಿನದು ಖಾಲಿಯಾಗದೆ ಹಿಂದಿನದು ಹೊರಡುವಂತಿಲ್ಲ. ಮೂರು ರೈಲು ಓಡಿದರೆ ತೊಂಬತ್ತು ಸೆಕೆಂಡಿಗೆ ಒಂದು ಹೊರಡುತ್ತಿತ್ತು, ಗಂಟೆಗೆ ಒಂಬೈನೂರ ಅರವತ್ತು ಜನ. ಎರಡೇ ಆದರೆ ಆರುನೂರು ದಾಟುವುದೂ ಕಷ್ಟ. ಉಳಿದ ಮುನ್ನೂರ ಅರವತ್ತು ಜನ ಬಿಸಿಲಿನಲ್ಲಿ ಸಾಲಿನಲ್ಲೇ.

"ಸಣ್ಣ ಗೆರೆಗೆಲ್ಲ ರೈಲು ನಿಲ್ಸಿದ್ರೆ ಪಾರ್ಕಿಗೆ ಬೀಗ ಹಾಕ್ಬೇಕಾಗತ್ತೆ ಕಣಯ್ಯಾ," ಎಂದು ಮ್ಯಾನೇಜರ್ ದಿನಾ ಗೊಣಗುತ್ತಿದ್ದ.

"ರೈಲು ಓಡಬಹುದು ಅನ್ನೋ ಸಹಿ ನಂದು ಸಾರ್. ಜೀವ ಅವರದು," ಎನ್ನುತ್ತಿದ್ದ ಫಿಟ್ಟರ್. ಅಷ್ಟೇ.

ಪಾರ್ಕಿನ ಗೇಟು ತೆರೆಯುವ ಮೊದಲು, ಪ್ರತಿ ಬೆಳಿಗ್ಗೆ, ಅವಳು ಖಾಲಿ ರೈಲುಗಳನ್ನು ಓಡಿಸುತ್ತಿದ್ದಳು. ಅವನು ಹಳಿಯ ಕೆಳಗೆ ಕಣ್ಣು ಮುಚ್ಚಿ ನಿಂತು ಕೇಳುತ್ತಿದ್ದ. ಆಮೇಲೆ ವಾಕಿಟಾಕಿಯಲ್ಲಿ ಅವನ ದನಿ:

"ಹಸಿರು ರೈಲು ಯಾಕೋ ಕೆಮ್ತಾ ಇದೆ."

"ಕಷಾಯ ಕೊಡ್ಲಾ?"

"ನಂಗೆ ಕೊಡಿ. ರಾತ್ರಿಯಿಂದ ನಂಗೂ ಕೆಮ್ಮು."

ಅವಳು ನಗು ತಡೆಯಲು ತುಟಿ ಕಚ್ಚಿಕೊಳ್ಳುತ್ತಿದ್ದಳು. ಮೂರು ವಾರದಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು. ಬೆಳಗಿನ ಆ ಅರ್ಧ ಗಂಟೆಗಾಗಿ ಅವಳು ಒಂದು ಗಂಟೆ ಮೊದಲೇ ಬರುತ್ತಿದ್ದಳು. ಇದಕ್ಕೆ ಏನನ್ನಬೇಕು? ಹೆಸರಿಡಲು ಅವಳಿಗೇ ಭಯ...

ಆ ಭಯ ಹೋಗುವ ಮೊದಲೇ ರಜೆಯ ದಿನ ಬಂತು.

ಬೆಳಿಗ್ಗೆ ಹತ್ತಕ್ಕೇ ಸಾಲು ಗೇಟಿನಾಚೆ ಬೆಳೆದಿತ್ತು. ಕಾಯುವ ಸಮಯ ಮೂರು ಗಂಟೆ. ಆದರೆ ಸಾಲಿನ ಬಾಯಲ್ಲಿದ್ದ ಫಲಕದಲ್ಲಿ ಮ್ಯಾನೇಜರ್ 'ಒಂದು ಗಂಟೆ' ಎಂದೇ ಇರಿಸಿದ್ದ. ಒಂದು ಗಂಟೆಯಾಯಿತು. ಎರಡಾಯಿತು. ಬಿಸಿಲು ನೆತ್ತಿಗೇರಿತು. ಸಾಲಿನಲ್ಲಿ ಮೊದಲು ಗೊಣಗಾಟ, ಆಮೇಲೆ ಬೈಗುಳ, ಆಮೇಲೆ ಬಾಟಲಿಗಳು ತೂರಿಬಂದವು.

ಮ್ಯಾನೇಜರ್ ಆಫೀಸಿನಲ್ಲಿ ಕೂತು ಮೈಕಿನಲ್ಲಿ ಹೇಳಿದ. "ಮೂರನೇ ರೈಲು ಶೆಡ್ಡಲ್ಲೇ ಇದೆ. ಫಿಟ್ಟರ್ ಸಹಿ ಹಾಕ್ತಿಲ್ಲ. ದಯವಿಟ್ಟು ಸಹಕರಿಸಿ."

ಪಾಪಿ! ಅವನನ್ನು ಜನರ ಬಾಯಿಗೆ ಎಸೆದುಬಿಟ್ಟನಲ್ಲ!

"ಯಾವನೋ ಅವನು ಫಿಟ್ಟರ್?"

ನೀಲಿ ಸಮವಸ್ತ್ರದಲ್ಲಿ ಅವನು ಪ್ಲಾಟ್‌ಫಾರ್ಮಿನ ಮೇಲೆಯೇ ನಿಂತಿದ್ದ. ಬಚ್ಚಿಟ್ಟುಕೊಳ್ಳಲು ಹೋಗಲಿಲ್ಲ. "ನಾನೇ. ಆ ರೈಲು ಹತ್ತಿದ್ರೆ ಸಾಯ್ತೀರಿ," ಎಂದ.

ಮೊದಲ ಏಟು ಅವನ ಬಾಯಿಗೇ ಬಿತ್ತು.

ತಡೆಗಂಬಿ ಮುರಿಯಿತು. ಜನ ನೆರೆಯಂತೆ ಪ್ಲಾಟ್‌ಫಾರ್ಮಿಗೆ ನುಗ್ಗಿದರು. ಹಿಂದಿನವರು ನೂಕಿದ ರಭಸಕ್ಕೆ ಮುಂದಿದ್ದವರು ಖಾಲಿ ಹಳಿಯ ಮೇಲೆ ದಬದಬ ಬಿದ್ದರು. ಹಸಿರು ರೈಲು ದೂರದ ಬ್ರೇಕಿನಲ್ಲಿತ್ತು. ಕೆಂಪು ರೈಲು ತಿರುವಿನಾಚೆ, ಕೊನೆಯ ಬ್ರೇಕಿನಲ್ಲಿ, ಇಪ್ಪತ್ತನಾಲ್ಕು ಜನರೊಂದಿಗೆ ಕಾಯುತ್ತಿತ್ತು. ಆ ಬ್ರೇಕು ಬಿಟ್ಟರೆ ಇಳಿಜಾರಿನಲ್ಲಿ ನೇರ ಇಲ್ಲಿಗೇ!

ಅವಳು ಕೆಂಪು ಗುಂಡಿ ಬಡಿದಳು. ಕೀ ಕಿತ್ತು ಮುಷ್ಟಿಯಲ್ಲಿಟ್ಟುಕೊಂಡಳು. ಕೀ ಇಲ್ಲದೆ ಯಾವ ಬ್ರೇಕೂ ಬಿಡುವುದಿಲ್ಲ. ಗಾಜಿನಿಂದ ಕೆಳಗೆ ನೋಡಿದರೆ ಹಳಿಯ ಮೇಲೆ ಒಂಬತ್ತು ಜನ. ಅವರಲ್ಲಿ ಒಬ್ಬಳ ಕಾಲು ಎರಡು ಕಂಬಿಗಳ ನಡುವೆ ಸಿಕ್ಕಿಕೊಂಡಿತ್ತು, ಎದೆಗೆ ಅವುಚಿಕೊಂಡ ಮಗು ಬೇರೆ.

ಕಂಟ್ರೋಲ್ ರೂಮಿನ ಗಾಜು ಒಡೆದು ಚೂರುಗಳು ಅವಳ ಕೆನ್ನೆಗೆ ಸಿಡಿದವು. ಕುಡಿದ ವಾಸನೆಯ ಒಬ್ಬ ದಡಿಯ ಫಿಟ್ಟರನ ಕತ್ತುಪಟ್ಟಿ ಹಿಡಿದು ಎಳೆದು ತಂದ. ಅವನ ಹಿಂದೆ ಇನ್ನೂ ನಾಲ್ವರು.

"ರೈಲು ಅಲ್ಲಿ ನಿಂತಿದೆಯಲ್ಲ, ಕರ್ಸು! ಕೀ ಕೊಡು!"

"ಹಳಿ ಮೇಲೆ ಜನ ಇದ್ದಾರೆ! ಮಗು ಇದೆ! ನೋಡ್ರೋ!"

ಸೈರನ್ ಅವಳ ಮಾತನ್ನು ನುಂಗಿಹಾಕಿತು. ದಡಿಯನಿಗೆ ಕೇಳಿಸಿದ್ದರೂ ನಂಬುವ ಸ್ಥಿತಿಯಲ್ಲಿರಲಿಲ್ಲ. ಒಬ್ಬ ಅವಳ ಜಡೆ ಹಿಡಿದು ಜಗ್ಗಿದ. ಇನ್ನೊಬ್ಬ ಮುಷ್ಟಿ ಬಿಡಿಸಲು ಬಂದಾಗ ಅವನ ಮಣಿಕಟ್ಟನ್ನು ಕಚ್ಚಿದಳು. ಬಾಯಿಗೆ ರಕ್ತದ ರುಚಿ ಬಂತು, ಬಿಡಲಿಲ್ಲ.

ಆಗ ದಡಿಯ ಮುರಿದ ತಡೆಗಂಬಿಯ ಪೈಪು ಎತ್ತಿದ. ಫಿಟ್ಟರನ ಬಲಗೈಯನ್ನು ಹೊಸ್ತಿಲ ಮೇಲೆ ಕಾಲಿನಿಂದ ಒತ್ತಿ ಹಿಡಿದ.

"ಕೊಡ್ತೀಯೋ ಇಲ್ವೋ?"

ಅವಳು ತಲೆಯಾಡಿಸಿದಳು. ಇಲ್ಲ.

ಪೈಪು ಇಳಿಯಿತು. ಎಲುಬು ಮುರಿದ ಸದ್ದು ಸೈರನ್ನಿನ ನಡುವೆಯೂ ಅವಳಿಗೆ ಕೇಳಿಸಿತು.

ಮತ್ತೊಂದು. ಇನ್ನೊಂದು.

"ಕೊಟ್ಬಿಡು..." ಅವನು ಕಿರುಚಿದ. "ದಮ್ಮಯ್ಯಾ, ಕೊಟ್ಬಿಡು! ಕೀ ಕೊಟ್ಬಿಡು!"

ಅವನು... ಅವನೇ ಕೇಳುತ್ತಿದ್ದಾನೆ!

ಅವಳು ಅವನ ಕಣ್ಣುಗಳನ್ನು ನೋಡಿದಳು. ಕೆಳಗೆ ಹಳಿಯನ್ನು ನೋಡಿದಳು. ಮುಷ್ಟಿಯನ್ನು ಇನ್ನಷ್ಟು ಬಿಗಿದಳು. ಕೀಯ ಹಲ್ಲುಗಳು ಅಂಗೈಗೆ ಇಳಿದವು.

ಪೊಲೀಸರು ಬಂದಾಗ ಆರು ನಿಮಿಷ ಕಳೆದಿತ್ತು. ಲಾಠಿ ಬೀಸಿದ ಮೇಲೆಯೇ ಗುಂಪು ಚದುರಿದ್ದು. ಹಳಿಯಿಂದ ಕೊನೆಯವಳನ್ನೂ ಅವಳ ಮಗುವನ್ನೂ ಎತ್ತಿದ್ದು ಕಂಡ ಮೇಲೆಯೇ ಕೀ ಹಿಡಿದಿದ್ದ ಅವಳ ಬೆರಳುಗಳು ತೆರೆದವು. ಅಷ್ಟರಲ್ಲಿ ಸ್ಟ್ರೆಚರ್ ಅವನನ್ನು ಹೊತ್ತುಕೊಂಡು ಹೋಗಿತ್ತು.

ಯಾರೋ ಮೊಬೈಲಿನಲ್ಲಿ ಚಿತ್ರೀಕರಿಸಿದ್ದರು. ಆ ವಿಡಿಯೋದಲ್ಲಿ ಹಳಿ ಕಾಣುತ್ತಿರಲಿಲ್ಲ. ಕಂಡದ್ದು ಇಷ್ಟೇ: ಒಬ್ಬನ ಕೈ ಜಜ್ಜುತ್ತಿದ್ದಾರೆ, ಒಬ್ಬಳು ಮುಷ್ಟಿ ಬಿಗಿದು ಕಣ್ಣೀರಿಲ್ಲದೆ ನೋಡುತ್ತಿದ್ದಾಳೆ. 'ಕಲ್ಲೆದೆಯ ಹೆಣ್ಣು' ಎಂಬ ಹೆಸರಿನಲ್ಲಿ ಅದು ಊರೆಲ್ಲ ಸುತ್ತಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಅವನ ತಾಯಿ ಅವಳನ್ನು ಕಂಡೊಡನೆ ಗುರುತಿಸಿದರು. ಎರಡೂ ಕೈಗಳಿಂದ ಅವಳನ್ನು ಗೋಡೆಗೆ ನೂಕಿದರು.

"ನೀನೇ ಅಲ್ವೇನೇ? ನನ್ನ ಮಗ ಬೇಡ್ಕೋತಿದ್ನಲ್ಲೇ! ಒಂದು ತುಂಡು ಕಬ್ಬಿಣ ಹೆಚ್ಚಾಯ್ತಾ ನಿಂಗೆ?"

"ಅಮ್ಮಾ, ಅದು..."

"ಅಮ್ಮಾ ಅನ್ಬೇಡ! ಅವನೇ ಹೇಳಿದ್ದಾನೆ, ಅವಳನ್ನ ಒಳಗೆ ಬಿಡಬೇಡ ಅಂತ. ನಿನ್ನ ಮುಖ ನೋಡಲ್ವಂತೆ!"

ಅವನೇ... ಹೇಳಿದ್ದಾನಾ?

ಅವಳು ಮೆಟ್ಟಿಲಿಳಿದು ಹೊರಟಳು. ಮೂರು ಸಲ ಹೋದಳು. ಮೂರು ಸಲವೂ ಬಾಗಿಲು ತೆರೆಯಲಿಲ್ಲ.

ವಿಚಾರಣೆಯಲ್ಲಿ ಸುಳ್ಳು ಫಲಕ, ಮೈಕಿನ ಮಾತು ಎಲ್ಲ ಹೊರಬಂದು ಮ್ಯಾನೇಜರ್ ಕೆಲಸ ಕಳೆದುಕೊಂಡ. ದಡಿಯ ಜೈಲು ಸೇರಿದ. ಎರಡು ತಿಂಗಳ ಮೇಲೆ ಹಳಿ ಮತ್ತೆ ತೆರೆಯಿತು. ಬೆಳಿಗ್ಗೆ ಅವಳು ಖಾಲಿ ರೈಲು ಓಡಿಸಿದಾಗ ವಾಕಿಟಾಕಿಯಲ್ಲಿ ಬರೀ ಗೊರಗೊರ. ಅಂದು ಬಾರದ ಕಣ್ಣೀರು ಈಗ ಮೇಜಿನ ಮೇಲೆ ತೊಟ್ಟಿಕ್ಕುತ್ತಿತ್ತು.

"ನೋಡು, ಯಾರು ಬಂದಿದ್ದಾರೆ," ಎಂದಳು ಬೆಲ್ಟಕ್ಕ ಬಾಗಿಲಲ್ಲಿ.

ಅವನ ತಾಯಿ! ಅವರ ಪಕ್ಕದಲ್ಲಿ, ಕುಂಟುತ್ತಿದ್ದ ಒಬ್ಬ ಹೆಂಗಸು. ಅವಳ ಸೊಂಟದ ಮೇಲೆ ಮಗು.

"ಇವರು ನಿನ್ನೆ ನಮ್ಮನೆ ಹುಡುಕ್ಕೊಂಡು ಬಂದಿದ್ರು," ಎಂದರು ತಾಯಿ. ದನಿ ಒಡೆದಿತ್ತು. "ಹಳಿ ಮೇಲೆ ಬಿದ್ದಿದ್ದು ಇವರೇ ಅಂತೆ. ನಂಗೆ ಗೊತ್ತಿರ್ಲಿಲ್ಲ ಮಗಳೇ. ಯಾರೂ ಹೇಳ್ಲಿಲ್ಲ. ನೀನಾದ್ರೂ ನಂಗೆ ತಿರುಗಿ ಬೈಬಾರ್ದಿತ್ತಾ?"

"ನೀವು ನೋವಲ್ಲಿದ್ರಿ..."

ಮಗು ಅವಳ ಜಡೆಯ ತುದಿ ಹಿಡಿದು ಎಳೆಯಿತು. ಅವಳು ಅಳುತ್ತಲೇ ನಕ್ಕಳು.

"ನಡಿ ಮನೆಗೆ," ಎಂದರು ತಾಯಿ. "ಅವನು ಊಟ ಬಿಟ್ಟು ಒಣಗಿದ್ದಾನೆ. ನಾನು ಹೇಳಿದ್ದು ಯಾವುದೂ ನಾಟ್ತಿಲ್ಲ."

"ನನ್ನ ಮುಖ ನೋಡಲ್ಲ ಅಂದಿದ್ನಲ್ಲ?"

"ಯಾಕೆ ಅಂತ ಅವನನ್ನೇ ಕೇಳು."

ಮಧ್ಯಾಹ್ನ ಕೆಲಸ ಮುಗಿಸಿ ಹೋದಳು. ಕಿಟಕಿಯ ಪಕ್ಕದ ಮೇಜಿನಲ್ಲಿ ಅವನು ಎಡಗೈಯಿಂದ ಏನೋ ಬರೆಯುತ್ತಿದ್ದ. ಬಲಗೈಯ ಮೂರು ಬೆರಳು ಮಡಚಿಯೇ ಉಳಿದಿದ್ದವು. ಅವಳನ್ನು ಕಂಡು ನೋಟ್ ಪುಸ್ತಕ ಮುಚ್ಚಿ, ಗೋಡೆಯ ಕಡೆ ತಿರುಗಿದ.

"ಅಷ್ಟೊಂದು ದ್ವೇಷಾನಾ?" ಅವಳು ಬಾಗಿಲಲ್ಲೇ ನಿಂತು ಕೇಳಿದಳು. "ನೀನು ಬೇಡ್ಕೊಂಡೆ. ನಾನು ಕೊಡ್ಲಿಲ್ಲ. ಆ ಕೂಗು ದಿನಾ ಕೇಳಿಸ್ತಾ ಇದೆ ನಂಗೆ. ಬೈದುಬಿಡು, ಹೊಡೆದುಬಿಡು... ಹೀಗೆ ಗೋಡೆ ನೋಡ್ಬೇಡ."

"ದ್ವೇಷಾನಾ?" ಅವನು ಸರಕ್ಕನೆ ತಿರುಗಿದ. ಕಣ್ಣು ಕೆಂಪಾಗಿತ್ತು. "ನಂಗೆ ಗೊತ್ತಿತ್ತು ಕಣೇ! ಹಳಿ ಮೇಲೆ ಮಗು ಇರೋದು ನಾನೂ ನೋಡಿದ್ದೆ. ನೋಡಿಯೂ ಕೀ ಕೊಡು ಅಂದೆ. ನನ್ನ ಕೈ ಉಳಿಸ್ಕೊಳ್ಳೋಕೆ! ದಿನಾ ಅಷ್ಟು ದೊಡ್ಡ ಮಾತಾಡ್ತಿದ್ದೋನು, ಮೂರು ಏಟಿಗೆ..." ಬಲಗೈಯನ್ನು ಮಡಿಲಲ್ಲಿ ಅಡಗಿಸಿಕೊಂಡ. "ಹೇಡಿ ನಾನು. ನಿನ್ನ ಮುಖ ಹೇಗೆ ನೋಡ್ಲಿ?"

ಎರಡು ತಿಂಗಳು... ಒಬ್ಬರಿಗೊಬ್ಬರು ಹೆದರಿ ಎರಡು ತಿಂಗಳು!

ನೆಲದ ಮೇಲೆ ಅವನ ಮಂಡಿಯ ಬಳಿ ಕೂತಳು. ಮಡಚಿದ ಬೆರಳುಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಎಲುಬು ಮುರೀವಾಗ ಯಾರಾದ್ರೂ ಕಿರುಚ್ತಾರೆ. ಕಿರುಚಿದ್ದು ನೋವು, ನೀನಲ್ಲ. 'ನಾನೇ ಫಿಟ್ಟರ್' ಅಂತ ಅಷ್ಟು ಜನರ ಮುಂದೆ ನಿಂತೆಯಲ್ಲ, ಅದು ನೀನು."

ಅವನು ಬಿಕ್ಕಿದ. ಅವಳು ಬಿಡಲಿಲ್ಲ. ಬಹಳ ಹೊತ್ತಿನ ಮೇಲೆ ನೋಟ್ ಪುಸ್ತಕದ ಕಡೆ ಕೈ ಚಾಚಿದಳು.

"ಬೇಡ, ಅದು..."

ತೆರೆದೇಬಿಟ್ಟಳು. ಮೊದಲ ಪುಟಗಳಲ್ಲಿ ಬರೀ ಕಾಗೆಕಾಲು, ಏನೂ ಓದಲಾಗದು. ಪುಟ ಹೋದಂತೆ ಅಕ್ಷರಗಳು ಎದ್ದು ನಿಂತಿದ್ದವು. ಎಲ್ಲವೂ ಅವಳಿಗೇ ಬರೆದ ಪತ್ರಗಳು! ಕೊನೆಯ ಪುಟದಲ್ಲಿ ಎರಡೇ ಸಾಲು:

'ಬರಬೇಡ ಅಂದೆ. ದಿನಾ ಬಾಗಿಲು ನೋಡುತ್ತಿದ್ದೇನೆ.'

"ಇದನ್ನ ಯಾಕೆ ಕಳಿಸ್ಲಿಲ್ಲ?"

"ಅಕ್ಷರ ಚೆನ್ನಾಗಿಲ್ಲ ಅಂತ..."

"ಪೆದ್ದು!" ಅವಳು ಕಣ್ಣೊರೆಸಿಕೊಂಡಳು. "ನಾಳೆ ಇನ್ನೊಂದು ಬರಿ. ನಾಡಿದ್ದೂ ಬರಿ."

"ಎಷ್ಟು ದಿನ?"

"ನಾನು ಈ ಮನೆಗೆ ಬಂದು ಸೇರೋವರೆಗೂ."

ಅವನು ಅವಳ ಮುಖ ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ.

"ಹಾಗಾದ್ರೆ ಜಾಸ್ತಿ ಬರೆಸಬೇಡ," ಎಂದ ಮೆಲ್ಲಗೆ. "ಕೈ ನೋಯುತ್ತೆ."