ಅಜ್ಜಿಯ ಗಂಡನಿಗೆ ಲೇಸರ್

ನಾರಿಸಾಳ ಎಡಗಣ್ಣಿನ ಸುತ್ತ, ಕೆನ್ನೆಯವರೆಗೂ ಹುಟ್ಟಿನಿಂದಲೇ ನೀಲಿ ಮಚ್ಚೆ. ಅದು ಎಲ್ಲಿಂದ ಬಂತೆಂದು ಅವಳ ಅಜ್ಜಿಗೆ ಚೆನ್ನಾಗಿ ಗೊತ್ತು. ಗಂಡ ಸತ್ತಾಗ, ಮರುಜನ್ಮದಲ್ಲಿ ಗುರುತು ಸಿಗಲಿ ಎಂದು ಅವನ ಕೆನ್ನೆಗೆ ಮಡಕೆಯ ಮಸಿ ಬಳಿದವಳು ಅವಳೇ. ಥಾಯ್ಲೆಂಡಿನ ಚಿಯಾಂಗ್ ಮಾಯ್ ಕಡೆಯ ಹಳಬರು ಹಾಗೆ ಮಾಡುವುದುಂಟು. ವರ್ಷ ತುಂಬುವುದರೊಳಗೆ ಮೊಮ್ಮಗಳು ಹುಟ್ಟಿದಳು. ಅದೇ ಕೆನ್ನೆ, ಅದೇ ಮಸಿ. ಅಂದಿನಿಂದ ಸಿಟ್ಟು ಬಂದಾಗಲೆಲ್ಲ ಅಜ್ಜಿಗೆ ಅವಳು ಮೊಮ್ಮಗಳಲ್ಲ, ಗಂಡ.

"ಹೋದ ಜನ್ಮದಲ್ಲೂ ಒಂದು ತಟ್ಟೆ ತೊಳೀಲಿಲ್ಲ, ಈ ಜನ್ಮದಲ್ಲೂ ಇಲ್ಲ."

ಐದು ಸಲದ ಲೇಸರಿಗೆ ಮಚ್ಚೆ ಮುಕ್ಕಾಲು ಮಾಸಿತ್ತು. ಇವತ್ತು ಕೊನೆಯದು. ನಾರಿಸಾಳಿಗೆ ಸಂಕಟ ಅದರದೇ.

ನರ್ಸ್ ವಿತೂನನ ಕೆಲಸ ಒಂದು ಕೈಯಲ್ಲಿ ತಣ್ಣನೆ ಗಾಳಿಯ ಪೈಪು ಹಿಡಿಯುವುದು. ಇನ್ನೊಂದು ಕೈ ಅವಳ ಕೈ ಹಿಡಿದದ್ದು ಮೊದಲ ದಿನ, ನಿಜವಾದ ನೋವಿಗೆ. ಮೂರನೆಯ ಸಲದಿಂದ ಮರಗಟ್ಟಿಸುವ ಕ್ರೀಮು ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ಅವಳು "ಅಯ್ಯೋ" ಎನ್ನುತ್ತಿದ್ದಳು. ನಾಳೆಯಿಂದ ಅಯ್ಯೋ ಎನ್ನಲು ನೆಪವಿಲ್ಲ. ಅವನೂ ಮನಸ್ಸಿನ ಮಾತು ಬಾಯಿಬಿಟ್ಟು ಹೇಳಿರಲಿಲ್ಲ.

ಅಜ್ಜಿಯೂ ಹಟ ಹಿಡಿದು ಬಂದಿದ್ದಳು. "ನನ್ನ ಗಂಡನ್ನ ಅಳಿಸೋದನ್ನ ನಾನೇ ಕಣ್ಣಾರೆ ನೋಡ್ತೀನಿ." ಲೇಸರ್ ಬೆಳಕು ತಡೆಯುವ ಹಸಿರು ಕನ್ನಡಕ ತೊಟ್ಟು ಮೂಲೆಯಲ್ಲಿ ಮಿಡತೆಯಂತೆ ಕೂತಳು.

ವಿತೂನ್ ನಾರಿಸಾಳ ಕಣ್ಣಿಗೆ ಮುಚ್ಚಳ ಇಟ್ಟ. ಕತ್ತಲಾಯಿತು. ಅವನ ಬೆರಳು ಬಂದವು.

"ಇವತ್ತು ಎಷ್ಟು ಅಯ್ಯೋ ಇದೆ?" ಕಿವಿಯ ಹತ್ತಿರ ಕೇಳಿದ.

"ನಿಮಗೆ ಸಾಕಾಗೋವಷ್ಟು. ಅಯ್ಯೋ."

"ನಾನಿನ್ನೂ ಶುರುನೇ ಮಾಡಿಲ್ಲಮ್ಮ," ಎಂದರು ಡಾಕ್ಟರು.

ಅಜ್ಜಿ ಎದ್ದು ನಿಂತಳು. "ಏ ಹುಡುಗ, ನನ್ನ ಗಂಡನ ಕೈ ಯಾಕೆ ಹಿಡ್ಕೊಂಡಿದೀಯ?"

"ನೋವಾಗುತ್ತಲ್ಲ ಅಜ್ಜಿ..."

"ಮೆಷಿನ್ನೇ ಶುರುವಾಗಿಲ್ಲ."

ಅವನು ಕೈ ಬಿಟ್ಟ. ರಬ್ಬರ್ ಬ್ಯಾಂಡ್ ಎಳೆದು ಹೊಡೆದಂತೆ ಲೇಸರು ಕೆನ್ನೆಗೆ ಬಿತ್ತು. ಐದು ಸಲದಲ್ಲಿ ಇಷ್ಟು ಉರಿದಿರಲಿಲ್ಲ. ಈ ಸಲ ನಾರಿಸಾ ತುಟಿ ಪಿಟಕ್ಕೆನ್ನಲಿಲ್ಲ.

ಆ ಮೌನ ವಿತೂನನಿಗೆ ತಡೆಯಲಾಗಲಿಲ್ಲ. "ಅಜ್ಜಿ, ನೋವಿಗೆ ಅಂದಿದ್ದು ಸುಳ್ಳು. ನಂಗೆ ಇವರಂದ್ರೆ ಇಷ್ಟ. ನಾಳೇನೂ ಹಿಡ್ಕೋಬೇಕು ಅನ್ಸುತ್ತೆ."

"ನಗಬೇಡಮ್ಮ, ಕೆನ್ನೆ ಅಲುಗುತ್ತೆ," ಎಂದರು ಡಾಕ್ಟರು, ತಾವೇ ನಗುತ್ತ.

ನಾರಿಸಾ ಕತ್ತಲಲ್ಲೇ ಕೈ ಚಾಚಿದಳು. ಮೊದಲು ಪೈಪು ಸಿಕ್ಕಿತು, ಆಮೇಲೆ ಅವನ ಮೊಣಕೈ, ಕೊನೆಗೆ ಬೆರಳು. ಗಟ್ಟಿಯಾಗಿ ಹಿಡಿದುಕೊಂಡಳು.

ಅಜ್ಜಿ ಆ ಎರಡು ಕೈಗಳನ್ನೇ ತುಂಬ ಹೊತ್ತು ನೋಡಿದಳು. ಕನ್ನಡಕ ಎತ್ತಿ ಕಣ್ಣೊರೆಸಲು ಹೋಗಿ ಡಾಕ್ಟರಿಂದ ಬೈಸಿಕೊಂಡಳು.

"ನಲವತ್ತು ವರ್ಷ ಸಂಸಾರ ಮಾಡ್ದೆ," ಎಂದಳು ಮೆಲ್ಲಗೆ. "ನಾಲ್ಕು ಹೆರಿಗೆ ಆಯ್ತು. ಆ ಮನುಷ್ಯ ಒಂದು ದಿನಾನೂ ನನ್ನ ಕೈ ಹಿಡೀಲಿಲ್ಲ. ಇವಳು ಅವನಲ್ಲ. ಪೂರ್ತಿ ಅಳಿಸಿ ಡಾಕ್ಟ್ರೇ."