ತೆಗೀಲಾ ಅಕ್ಕಾ?

ನಾನು ದೆವ್ವಗಿವ್ವ ನಂಬುವವಳಲ್ಲ. ಇಲ್ಲದ್ದನ್ನು ಇದೆ ಎಂದು ನಂಬಿಸುವುದೇ ನಮ್ಮ ಕಸುಬು: ಕಂಪ್ಯೂಟರಿನೊಳಗೆ ಓಡುತ್ತಿರುವ ಇನ್ನೊಂದು ಹುಸಿ ಕಂಪ್ಯೂಟರಿಗೆ, ಅದನ್ನು ನಿಲ್ಲಿಸದೆಯೇ ಹುಸಿ ಡಿಸ್ಕ್ ಸಿಕ್ಕಿಸುವುದು, ತೆಗೆಯುವುದು. ಹೇಳದೆ ಕೇಳದೆ ಕಿತ್ತರೆ ಒಳಗಿನದು ಕುಸಿದು ಬೀಳುತ್ತದೆ. ಅದಕ್ಕೇ ನಾನು "ತೆಗೀಲಾ ಅಕ್ಕಾ?" ಎಂದು ಕೇಳುತ್ತಿದ್ದೆ. ಪಕ್ಕದ ಕುರ್ಚಿಯಲ್ಲಿ ಲವಂಗ ಜಗಿಯುತ್ತ ಒಳಗಿನದರ ಮೇಲೆ ಕಣ್ಣಿಟ್ಟಿರುತ್ತಿದ್ದ ನಮ್ಮ ಹಿರಿಯ ಸಹೋದ್ಯೋಗಿ "ಹ್ಞೂಂ, ತೆಗಿ ಮರಿ" ಎಂದಮೇಲೇ ಕೈ ಹಾಕುತ್ತಿದ್ದೆ.

ಅಕ್ಕ ತೀರಿಕೊಂಡ ಮೇಲೆ ಮೊದಲ ಸಲ, ಹಾಡಹಗಲಲ್ಲೇ, ಒಬ್ಬಳೇ ತೆಗೆಯಲು ಹೋದೆ. ಡಿಸ್ಕಿನಲ್ಲಿ ಏನೂ ಇರಲಿಲ್ಲ. ಆದರೂ ಪರದೆ "ಬಳಕೆಯಲ್ಲಿದೆ" ಎಂದು ಹಟ ಹಿಡಿಯಿತು. ಎಲ್ಲಿಂದಲೋ ಲವಂಗದ ವಾಸನೆ ಬಂತು. ಪಕ್ಕದ ಕುರ್ಚಿ ಮುಟ್ಟಿ ನೋಡಿದೆ. ಯಾರೋ ಈಗಷ್ಟೇ ಎದ್ದುಹೋದಂತೆ ಬೆಚ್ಚಗಿತ್ತು.

ಅಭ್ಯಾಸಬಲ, ಬಾಯಿಗೆ ಬಂದೇಬಿಟ್ಟಿತು: "ತೆಗೀಲಾ ಅಕ್ಕಾ?"

ಡಿಸ್ಕ್ ಮೆಲ್ಲಗೆ ಕಳಚಿಕೊಂಡಿತು.

ಎದುರು ಮೇಜಿನಲ್ಲಿ ಈ ವಾರವಷ್ಟೇ ಸೇರಿದ್ದ, ಅಕ್ಕನನ್ನು ಕಂಡೇ ಇರದ ಟೆಸ್ಟರ್ ತಲೆಯೆತ್ತಿ ನಕ್ಕರು.

"ಅವ್ರು ನಿಮ್ಮನ್ನ ಮರಿ ಅಂತಾರಾ? ಚೆನ್ನಾಗಿದೆ!"

ಅಷ್ಟು ಕಿವಿಗೊಟ್ಟು ಕೂತಿದ್ದ ನನಗೆ ಮಾತ್ರ ಏನೂ ಕೇಳಿಸಿರಲಿಲ್ಲ.