ಗ್ಯಾಸಿಲ್ಲದ ಕುಕ್ಕರ್

ಇದು ತೊಂಬತ್ತೊಂಬತ್ತರಲ್ಲಿ ನಾನೇ ಕಂಡದ್ದು. ಹಾವು ಹಿಡಿಯುವ ಕೋಲು ಹೊತ್ತು ತಾಂಡವಪುರದಲ್ಲಿ ಹೋಗುತ್ತಿದ್ದ ನನ್ನನ್ನು ಮಧ್ಯಾಹ್ನ ಗುರುಬಸಮ್ಮ ತಮ್ಮ ಮನೆ ಬಾಗಿಲಿಂದ ಕೂಗಿ ಕರೆದರು.

"ಬೆಳಗ್ಗೆ ಅಕ್ಕಿ ಇಟ್ಟ ತಕ್ಷಣ ಗ್ಯಾಸ್ ಮುಗ್ದೋಯ್ತು ಕಣಪ್ಪ. ಒಲೆ ತಣ್ಣಗದೆ, ಕುಕ್ಕರ್ ಮಾತ್ರ ಬುಸ್ ಅಂತಾನೇ ಅದೆ!"

ನನಗೆ ನಗು ಬಂತು. ಅಡುಗೆಮನೆಗೆ ಹೋಗಿ ನೋಡಿದರೆ ಸಿಲಿಂಡರಿನ ಹಿಂದೆ ಕೊಳಕುಮಂಡಲ ಹಾವು ಸುತ್ತಿಕೊಂಡು ಮಲಗಿತ್ತು. ಬೆನ್ನ ಮೇಲೆ ಸರಪಳಿಯಂಥ ಚಿತ್ತಾರ, ಎಂಥ ಚೆಲುವು!

"ಕುಕ್ಕರಲ್ಲ ಅಮ್ಮಾವ್ರೇ, ಇವ್ನು. ಎದರಿದ್ರೆ ಇಂಗೇ ಬುಸುಗುಡ್ತಾನೆ. ಕಚ್ಚೋಕ್ ಮುಂಚೆ ಎಚ್ಚರ್ಸೋ ಮರ್ಯಾದಸ್ಥ."

ಕೋಲಿನಿಂದ ಎತ್ತಿ ಅದನ್ನು ಚೀಲಕ್ಕಿಳಿಸಿ ಬಾಯಿ ಕಟ್ಟಿದೆ. ಸದ್ದು ನಿಂತಿತು. ಗುರುಬಸಮ್ಮನಿಗೆ ಧೈರ್ಯ ಬರಲೆಂದು ಕುಕ್ಕರಿನ ಮೇಲೆ ಅಂಗೈ ಊರಿದೆ.

ಕೈ ಸುಟ್ಟಿತು. ಕೆಳಗಿನ ಒಲೆ ಕಲ್ಲಿನಂತೆ ತಣ್ಣಗಿತ್ತು. ಮುಚ್ಚಳ ತೆಗೆದರೆ ಅನ್ನ ಹದವಾಗಿ ಬೆಂದಿತ್ತು. ಸುಳ್ಳೇಕೆ ಹೇಳಲಿ, ನಾನೇ ಎರಡು ಸಲ ಬಡಿಸಿಕೊಂಡು ಉಂಡೆ.